ನಿಮಗಿದು ಗೊತ್ತೇ? ಹಸುವಿನ ಮೇವಿಗೆ ಬೇರಿನ ಗಂಟೇ ಗೊಬ್ಬರ

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಕುದುರೆ ಮಸಾಲೆ, ಅಲಸಂದೆ, ಸ್ಟೈಲೊದಂಥ ದ್ವಿದಳ ಮೇವಿನ ಬೆಳೆಗಳಿಗೆ ಅದನ್ನು ಹಿಡಿದುಕೊಡುವುದು ಬೇರುಗಂಟಿನಲ್ಲಿ ನೆಲೆಸುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ಪ್ರೋಟೀನಿಗೆಂದು ಕೊಳ್ಳುವ ಹಿಂಡಿಯ ಖರ್ಚು ಎಷ್ಟೆಂದು ಹೈನುಗಾರರಿಗೆ ಗೊತ್ತು. ಒಣತೂಕದ ಲೆಕ್ಕದಲ್ಲಿ ಜೋಳದ ಮೇವಿನ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನ್ ಕುದುರೆ ಮಸಾಲೆಯಲ್ಲಿದೆ.

ಬೇರುಗಂಟಿನ ಈ ಗುಟ್ಟನ್ನು 1880ರ ದಶಕದಲ್ಲಿ ಬಯಲು ಮಾಡಿದವರು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ಥ್. 1888ರಲ್ಲಿ ಡಚ್ ವಿಜ್ಞಾನಿ ಬೈಯೆರಿಂಕ್ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. 1890ರ ದಶಕದಲ್ಲೇ ಅದು ‘ನೈಟ್ರಜಿನ್’ ಹೆಸರಿನಲ್ಲಿ ಮಾರಾಟಕ್ಕೂ ಬಂತು.

ಅಲಸಂದೆಗೆಂದು ಮಾರುವ ರೈಜೋಬಿಯಂ ಪೊಟ್ಟಣ ಕುದುರೆ ಮಸಾಲೆಗೆ ಆಗದು! ಕುದುರೆ ಮಸಾಲೆಯ ಬ್ಯಾಕ್ಟೀರಿಯಾ ಬೇರೆಯೇ ಜಾತಿ. ಆದರೆ ಅದೇ ಬ್ಯಾಕ್ಟೀರಿಯಾ ನಮ್ಮ ಮೆಂತ್ಯದ ಬೇರಿನಲ್ಲೂ ಗಂಟು ಕಟ್ಟುತ್ತದೆ. ಅಂಗಡಿಯಲ್ಲಿ ಬರೀ ‘ರೈಜೋಬಿಯಂ ಕೊಡಿ’ ಎನ್ನಬೇಡಿ, ಬೆಳೆಯ ಹೆಸರನ್ನೂ ಹೇಳಿ.

ಪೊಟ್ಟಣದಲ್ಲಿರುವುದು ಜೀವ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ರೈಜೋಬಿಯಂ ಪುಡಿಯ ಒಂದೊಂದು ಗ್ರಾಂನಲ್ಲೂ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಬಿಸಿಲಿಗೆ ಒಡ್ಡಿದರೆ, ಕಾದ ತಗಡಿನಡಿ ಇಟ್ಟರೆ ಅವು ಸಾಯುತ್ತವೆ, ಪುಡಿ ಮಾತ್ರ ಹಾಗೆಯೇ ಕಾಣುತ್ತದೆ. ಕೊಳ್ಳುವ ಮುನ್ನ ಅವಧಿ ಮುಗಿಯುವ ದಿನಾಂಕ ನೋಡಲೇಬೇಕು. ಎಷ್ಟೋ ಕಡೆ ‘ಜೈವಿಕ ಗೊಬ್ಬರದಿಂದ ಏನೂ ಆಗಲಿಲ್ಲ’ ಎಂಬ ದೂರಿಗೆ ಕಾರಣ ಸತ್ತ ಪೊಟ್ಟಣವೇ ಎಂದು ನನ್ನ ಅನಿಸಿಕೆ.

ಬೀಜೋಪಚಾರ ಹೀಗೆ: ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿದ ಮೇಲೆ ಬೀಜಕ್ಕೆ ಚಿಮುಕಿಸಿ. ಬೀಜ ತೊಯ್ದು ತೊಟ್ಟಿಕ್ಕಬಾರದು, ಕೈಗೆ ಅಂಟಿದರೆ ಸಾಕು. ಪೊಟ್ಟಣದ ಕರಿಪುಡಿ ಉದುರಿಸಿ, ಪ್ರತಿ ಕಾಳಿಗೂ ತೆಳುವಾಗಿ ಹತ್ತುವಂತೆ ಕೈಯಾಡಿಸಿ, ನೆರಳಲ್ಲಿ ಹರಡಿ, ಅಂದೇ ಬಿತ್ತಿ. ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ. ಡಿಎಪಿ ಹರಳು ಬೀಜಕ್ಕೆ ಸೋಕದಿರಲಿ.

ಮೊಳೆಯುವಾಗ ಬೇರು ಮಣ್ಣಿಗೆ ಕೆಲವು ರಾಸಾಯನಿಕಗಳನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಕರೆಯುತ್ತದೆ. ಅದು ತಿರುಗಿ ಸಂಕೇತ ಕೊಟ್ಟರೆ ಬೇರುಗೂದಲು ಸುರುಳಿಯಾಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಕೆಲಸ ನಡೆದಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಹೂ ಬಿಡುವ ಮುನ್ನ ಒಂದೆರಡು ಅಲಸಂದೆ ಗಿಡಗಳನ್ನು ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ. ಕಿತ್ತರೆ ಗಂಟುಗಳು ನೆಲದಲ್ಲೇ ಉಳಿದುಬಿಡುತ್ತವೆ. ಬೇರು ತೊಳೆದು, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಅಥವಾ ಕೆಂಪಿದ್ದರೆ ಸಾರಜನಕ ಸಿದ್ಧವಾಗುತ್ತಿದೆ. ಬಿಳುಪಿದ್ದರೆ ಗಂಟು ಇನ್ನೂ ಎಳೆಯದು ಅಥವಾ ನಿಷ್ಪ್ರಯೋಜಕ. ಹಸಿರಿಗೆ ತಿರುಗಿದ್ದರೆ ಅದರ ಕಾಲ ಮುಗಿದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು, ಹಸುವಿನ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟ. ಸಾರಜನಕ ಹಿಡಿಯುವ ಕಿಣ್ವವನ್ನು ಆಮ್ಲಜನಕ ಹಾಳುಮಾಡುವುದರಿಂದ, ಗಂಟಿನೊಳಗೆ ಅದು ಹದ ಮೀರದಂತೆ ಕಾಯುವುದು ಇದೇ.

ಯೂರಿಯಾ ಸುರಿದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ಮಣ್ಣಲ್ಲೇ ಸಾರಜನಕ ಸಿಗುವಾಗ ಗಿಡ ಸಕ್ಕರೆ ಕೊಟ್ಟು ಬ್ಯಾಕ್ಟೀರಿಯಾ ಸಾಕುವುದಿಲ್ಲ. ಬಿತ್ತುವಾಗ ಅಲ್ಪ ಸಾರಜನಕ ಸಾಕು. ಗಂಟಿಗೆ ನಿಜವಾಗಿ ಬೇಕಾದದ್ದು ರಂಜಕ, ಜೊತೆಗೆ ಚೂರು ಮಾಲಿಬ್ಡಿನಂ.

ಮೇವು ಕೊಯ್ದೊಡನೆ ಗಂಟಿನ ಕೆಲಸ ಕುಸಿಯುತ್ತದೆ, ಚಿಗುರಿದಂತೆ ಮತ್ತೆ ಏರುತ್ತದೆ. ಕುದುರೆ ಮಸಾಲೆಯನ್ನು ನೆಲಕ್ಕೆ ಅಂಟಿಸಿ ಪದೇ ಪದೇ ಕೊಯ್ಯಬಾರದೆನ್ನಲು ಇದೂ ಒಂದು ಕಾರಣ.

ಹುಳಿ ಮಣ್ಣಿನಲ್ಲಿ ಕುದುರೆ ಮಸಾಲೆಯ ಬ್ಯಾಕ್ಟೀರಿಯಾ ನಿಲ್ಲುವುದು ಕಷ್ಟ. ಸುಣ್ಣ ಹಾಕಬೇಕು; ಇಲ್ಲವೇ ಮಲೆನಾಡು, ಕರಾವಳಿಯವರು ಸ್ಟೈಲೊ ಬೆಳೆಯುವುದು ಮೇಲು.

ಹಸಿ ಕುದುರೆ ಮಸಾಲೆಯನ್ನೇ ಹೊಟ್ಟೆ ತುಂಬ ತಿನ್ನಿಸಿದರೆ ಹಸುವಿಗೆ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಬರಬಹುದು. ಸ್ವಲ್ಪ ಬಾಡಿಸಿ, ಒಣಹುಲ್ಲು ಅಥವಾ ಜೋಳದ ಮೇವಿನೊಡನೆ ಬೆರೆಸಿ ಹಾಕಿ.