ಒಂದೇ ಶಾಯಿಯಲ್ಲಿ ಎರಡು ಬಣ್ಣ: ಕಂಪ್ಯೂಟರಿನಲ್ಲಿ ಚುಕ್ಕಿ ಇಡುವ ಲೆಕ್ಕ

ಲಗ್ನದ ದಿನಗಳು ಬಂದರೆ ಗಡಿಭಾಗದ ಡಿಟಿಪಿ ಅಂಗಡಿಗಳಲ್ಲಿ ಬಿಡುವಿರುವುದಿಲ್ಲ. ಹುಡುಗನ ಕಡೆಯವರಿಗೆ ಕನ್ನಡದಲ್ಲಿ ಪತ್ರಿಕೆ ಬೇಕು. ಹುಡುಗಿಯ ಕಡೆಯವರಿಗೆ ತಮಿಳೋ, ತೆಲುಗೋ, ಮರಾಠಿಯೋ, ಮಲಯಾಳವೋ ಬೇಕು. ಎರಡೂ ಭಾಷೆ ಒಂದೇ ಕಾರ್ಡಿನಲ್ಲಿ ಕೂರಬೇಕು, ಸುತ್ತ ಒಂದು ಚೆಂದದ ಅಂಚು ಇರಬೇಕು, ದರ ಮಾತ್ರ ಏರಬಾರದು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಕಟ್ಟಬೇಕು, ಪ್ರತಿ ಕಾರ್ಡನ್ನೂ ಮತ್ತೊಮ್ಮೆ ಒತ್ತಬೇಕು. ಹಾಗಾಗಿ ಎರಡನೆಯ ಬಣ್ಣ ಎಂದೊಡನೆ ಖರ್ಚಿನ ಮಾತು ಬರುತ್ತದೆ.

ಇಲ್ಲಿ ಕೈಹಿಡಿಯುವುದು ಚುಕ್ಕಿ. ಕುಂಕುಮ ಕೆಂಪು ಶಾಯಿ ಒಂದೇ ಇದ್ದರೂ, ಅದನ್ನು ಸಣ್ಣ ಚುಕ್ಕಿಗಳಾಗಿ ಬಿಡಿಬಿಡಿಯಾಗಿ ಒತ್ತಿದರೆ ಕಣ್ಣಿಗೆ ತಿಳಿಗುಲಾಬಿ ಕಾಣುತ್ತದೆ. ಕಾಗದದ ಬಿಳಿಯೂ ಶಾಯಿಯ ಕೆಂಪೂ ದೂರದಿಂದ ಒಂದಾಗಿ ಬೆರೆಯುತ್ತವೆ. ಪತ್ರಿಕೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಬೂದು ಬಣ್ಣವೇ ಇರುವುದಿಲ್ಲ, ಇರುವುದೆಲ್ಲ ಕಪ್ಪು ಚುಕ್ಕಿ. ಮುಖದ ನೆರಳಿನ ಕಡೆ ದಪ್ಪ ಚುಕ್ಕಿ, ಬೆಳಕಿನ ಕಡೆ ಸಣ್ಣ ಚುಕ್ಕಿ. ಹಾಫ್‌ಟೋನ್ ಎಂಬ ಈ ವಿಧಾನದಲ್ಲಿ ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪತ್ರಿಕೆ 1880ರಲ್ಲೇ ಫೋಟೋ ಅಚ್ಚು ಹಾಕಿತ್ತು.

ಫೋಟೋಶಾಪ್ ಇಲ್ಲದವರೂ ಈ ಕೆಲಸ ಮಾಡಬಹುದು. ಗಿಂಪ್ ಎಂಬ ಉಚಿತ ಮುಕ್ತ ತಂತ್ರಾಂಶ ಸಾಕು. ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ 1995ರಲ್ಲಿ ಇದನ್ನು ಶುರು ಮಾಡಿದರು. ಅದರ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂತು. ಹಳೆಯ ಕಂಪ್ಯೂಟರಿನಲ್ಲಿ ಹಳೆಯ 2.10 ಇದ್ದರೂ ಇಲ್ಲಿ ಹೇಳುವ ಕೆಲಸಕ್ಕೆ ಅಡ್ಡಿಯಿಲ್ಲ. ಕದ್ದ ಪ್ರತಿಯ ತಂತ್ರಾಂಶ ಹಾಕಿಕೊಂಡು ವೈರಸ್ ತಗುಲಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಚುಕ್ಕಿಯ ಲೆಕ್ಕ ಗಡಿಯ ಮನೆಗಳಿಗೆ ಕಂಪ್ಯೂಟರಿಗಿಂತ ಬಹಳ ಮೊದಲೇ ಗೊತ್ತು. ರಂಗೋಲಿಯಲ್ಲಿ ಚುಕ್ಕಿ ಇಡುವುದಕ್ಕೆ ಎರಡು ಕ್ರಮ. ಒಂದರ ಕೆಳಗೊಂದು ಸಾಲಾಗಿ ಇಟ್ಟರೆ ನೇರ ಚುಕ್ಕಿ, ಎರಡು ಚುಕ್ಕಿಗಳ ನಡುವಿನ ಸಂದಿನ ಕೆಳಗೆ ಇಟ್ಟರೆ ಸಂದು ಚುಕ್ಕಿ. ತಮಿಳಿನವರು ಇವನ್ನೇ ನೇರ್ ಪುಳ್ಳಿ, ಇಡೈ ಪುಳ್ಳಿ ಎನ್ನುತ್ತಾರೆ. ತೆಲುಗಿನ ಮುಗ್ಗಿನಲ್ಲೂ ಸಂದು ಚುಕ್ಕವೇ. ಮರಾಠಿ ಮನೆಗಳಲ್ಲಿ ಠಿಪಕ್ಯಾಂಚಿ ರಾಂಗೋಳಿ. 7ರಿಂದ 1ರವರೆಗೆ ನೇರ ಚುಕ್ಕಿ ಎಂದರೆ ಸಾಲುಗಳು 1, 3, 5, 7, 5, 3, 1, ಒಟ್ಟು 25 ಚುಕ್ಕಿ. 7ರಿಂದ 4ರವರೆಗೆ ಸಂದು ಚುಕ್ಕಿ ಎಂದರೆ 4, 5, 6, 7, 6, 5, 4, ಒಟ್ಟು 37. ಮೊದಲನೆಯದು ಗೋಡೆಯ ಟೈಲ್ಸಿನಂತೆ ಚೌಕ, ಎರಡನೆಯದು ಜೇನುಗೂಡಿನಂತೆ ಆರು ಮೂಲೆ. ಅಂಗಳದಲ್ಲಿ ಇದನ್ನು ಕಣ್ಣಳತೆಯಲ್ಲೇ ಇಡುವವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು.

ಕಂಪ್ಯೂಟರಿನಲ್ಲಿ ಸಾವಿರ ಚುಕ್ಕಿಯನ್ನು ಒಂದೊಂದಾಗಿ ಇಡುವ ಅಗತ್ಯವಿಲ್ಲ. ಒಂದು ಸಣ್ಣ ಬಿಲ್ಲೆ ಮಾಡಿದರೆ ಸಾಕು, ಅದನ್ನು ಪಕ್ಕಪಕ್ಕದಲ್ಲಿ ಜೋಡಿಸಿ ಪುಟ ತುಂಬುವ ಕೆಲಸ ತಂತ್ರಾಂಶದ್ದು. ನೇರ ಚುಕ್ಕಿಗಾದರೆ ಚೌಕ ಬಿಲ್ಲೆ, ನಡುವೆ ಒಂದು ಚುಕ್ಕಿ, ಅಷ್ಟೇ. ಸಂದು ಚುಕ್ಕಿಗೆ ಕೊಂಚ ಲೆಕ್ಕ ಬೇಕು. ಚೌಕದ ನಡುವೆ ಒಂದು, ನಾಲ್ಕು ಮೂಲೆಗೆ ಕಾಲುಕಾಲು ಚುಕ್ಕಿ ಇಟ್ಟರೆ ಸಂದು ಚುಕ್ಕಿಯೇನೋ ಆಗುತ್ತದೆ. ಆದರೆ ನೋಡಿದವರಿಗೆ ಅದು ಓರೆಯಾಗಿ ತಿರುಗಿಸಿದ ಚೌಕದಂತೆಯೇ ಕಾಣುತ್ತದೆ, ಜೇನುಗೂಡು ಮೂಡುವುದಿಲ್ಲ. ಎಲ್ಲ ಚುಕ್ಕಿಗಳ ನಡುವೆ ಸಮ ದೂರ ಬರಬೇಕಾದರೆ ಬಿಲ್ಲೆಯ ಎತ್ತರ ಅದರ ಅಗಲದ 1.732 ಪಟ್ಟು ಇರಬೇಕು. ಶಾಲೆಯಲ್ಲಿ ಕಲಿತ ಮೂರರ ವರ್ಗಮೂಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. 104 ಪಿಕ್ಸೆಲ್ ಅಗಲ, 180 ಪಿಕ್ಸೆಲ್ ಎತ್ತರ ಇಟ್ಟುಕೊಂಡರೆ ಎರಡೂ ಸರಿಯಾಗಿ ಅರ್ಧವಾಗುತ್ತವೆ, ವ್ಯತ್ಯಾಸ ಕೂದಲೆಳೆಯಷ್ಟೂ ಉಳಿಯುವುದಿಲ್ಲ.

ಗಿಂಪ್‌ನಲ್ಲಿ ಆ ಅಳತೆಯ ಹೊಸ ಚಿತ್ರ ತೆರೆಯುವಾಗ ಹಿನ್ನೆಲೆಯನ್ನು ಪಾರದರ್ಶಕವಾಗಿ ಇಡಬೇಕು. ಇದನ್ನು ಮರೆತರೆ ಮುಂದಿನ ಹೆಜ್ಜೆಯಲ್ಲಿ ಒಂದು ಚುಕ್ಕಿ ಇನ್ನೊಂದರ ಬಿಳಿಯಡಿ ಮುಚ್ಚಿಹೋಗುತ್ತದೆ. ಎಲಿಪ್ಸ್ ಸೆಲೆಕ್ಟ್ ಉಪಕರಣ ಆರಿಸಿ, ಅದರ ಆಯ್ಕೆಗಳಲ್ಲಿ ಸ್ಥಾನ 32 ಮತ್ತು 70 ಎಂದೂ, ಅಳತೆ 40 ಮತ್ತು 40 ಎಂದೂ ಕೊಟ್ಟರೆ ಬಿಲ್ಲೆಯ ನಟ್ಟನಡುವೆ ವೃತ್ತ ಕೂರುತ್ತದೆ. ಅದಕ್ಕೆ ಬಣ್ಣ ತುಂಬಿ, ಆಯ್ಕೆಯನ್ನು ತೆಗೆದು, ಲೇಯರಿನ ನಕಲು ಮಾಡಬೇಕು. ಈಗ ಮೇಲಿನ ಲೇಯರಿಗೆ ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್ ಒಳಗಿರುವ ಆಫ್‌ಸೆಟ್ ಕೊಡಬೇಕು. ಅದರಲ್ಲಿ ಅರ್ಧ ಅಗಲ, ಅರ್ಧ ಎತ್ತರ ಸರಿಸುವ ಗುಂಡಿಯೇ ಇದೆ. ಅಂಚು ದಾಟಿದ್ದು ಎದುರಿನ ಅಂಚಿನಿಂದ ಒಳಬರುವ ರ‍್ಯಾಪ್ ಅರೌಂಡ್ ಆಯ್ಕೆ ಇರುವಂತೆ ನೋಡಿಕೊಳ್ಳಬೇಕು. ಒತ್ತಿದ ಕೂಡಲೇ ಚುಕ್ಕಿ ನಾಲ್ಕು ತುಂಡಾಗಿ ಮೂಲೆಗಳಿಗೆ ಹೋಗಿ ಕೂರುತ್ತದೆ. ಮೊದಲ ಸಲ ಮಾಡುವವರು ಕೆಟ್ಟುಹೋಯಿತು ಎಂದು ಗಾಬರಿಯಾಗುವುದು ಇಲ್ಲೇ. ಕೆಟ್ಟಿಲ್ಲ. ಬಿಲ್ಲೆಗಳು ಪಕ್ಕಪಕ್ಕ ಬಂದಾಗ ಆ ನಾಲ್ಕು ತುಂಡುಗಳೇ ಕೂಡಿ ಇಡೀ ಚುಕ್ಕಿಯಾಗುತ್ತವೆ.

ಕಾಣುವ ಲೇಯರುಗಳನ್ನು ಒಂದು ಮಾಡಿ, ಎಲ್ಲವನ್ನೂ ಆರಿಸಿ ಕಾಪಿ ಮಾಡಿದರೆ ಆ ಬಿಲ್ಲೆ ಪ್ಯಾಟರ್ನ್‌ಗಳ ಪಟ್ಟಿಯಲ್ಲಿ ಮೊದಲನೆಯದಾಗಿ ತಾನಾಗಿ ಬಂದು ಕೂರುತ್ತದೆ. ಇನ್ನು ಕಾರ್ಡಿನ ಕಡತ ತೆರೆದು, ಬೇಕಾದ ಜಾಗ ಆರಿಸಿ, ಎಡಿಟ್ ಮೆನುವಿನಿಂದ ಪ್ಯಾಟರ್ನ್ ತುಂಬಿದರಾಯಿತು. ಫೋಟೋಶಾಪ್ ಬಳಸುವವರಿಗೆ ಆಫ್‌ಸೆಟ್ ಫಿಲ್ಟರ್ ಮೆನುವಿನ ಅದರ್ ಎಂಬಲ್ಲಿದೆ. ಬಿಲ್ಲೆಯನ್ನು ಎಡಿಟ್ ಮೆನುವಿನ ಡಿಫೈನ್ ಪ್ಯಾಟರ್ನ್‌ನಿಂದ ಉಳಿಸಿಕೊಳ್ಳಬೇಕು.

ಬಣ್ಣ ಎಷ್ಟು ತಿಳಿಯಾಗುತ್ತದೆ ಎನ್ನುವುದು ಚುಕ್ಕಿಯ ಗಾತ್ರದ ಮೇಲಿದೆ. ಮೇಲಿನ ಬಿಲ್ಲೆಯಲ್ಲಿ 40 ಪಿಕ್ಸೆಲ್ ವ್ಯಾಸದ ಚುಕ್ಕಿಗಳು ಜಾಗದ ಸುಮಾರು 13 ಪ್ರತಿಶತವನ್ನಷ್ಟೇ ಮುಚ್ಚುತ್ತವೆ. ಬರುವುದು ತೀರಾ ಮಸುಕು ಬಣ್ಣ, ಅಕ್ಷರಗಳ ಹಿಂದೆ ಇಡಲು ತಕ್ಕದ್ದು. ವ್ಯಾಸವನ್ನು 80ಕ್ಕೆ ಏರಿಸಿದರೆ ಮುಚ್ಚುವ ಜಾಗ ನಾಲ್ಕು ಪಟ್ಟಾಗಿ ಸುಮಾರು 54 ಪ್ರತಿಶತಕ್ಕೆ ಹೋಗುತ್ತದೆ. ವ್ಯಾಸ ಎರಡು ಪಟ್ಟಾದರೆ ಶಾಯಿ ನಾಲ್ಕು ಪಟ್ಟು ಎನ್ನುವುದನ್ನು ನೆನಪಿಡದವರು ಕಾರ್ಡನ್ನು ಕತ್ತಲೆ ಮಾಡಿಕೊಳ್ಳುತ್ತಾರೆ. ದಪ್ಪ ಚುಕ್ಕಿಯ ಮೇಲೆ ಮುಹೂರ್ತದ ಗಳಿಗೆ ಅಚ್ಚಾದರೆ ಓದುವವರಾರು? ಒತ್ತಕ್ಷರ, ದೀರ್ಘ, ಅನುಸ್ವಾರಗಳಿರುವ ಕನ್ನಡಕ್ಕೆ ಚುಕ್ಕಿ ಹಿನ್ನೆಲೆ ಹೆಚ್ಚು ತೊಡಕು. ಸೊನ್ನೆ ಯಾವುದು, ಚುಕ್ಕಿ ಯಾವುದು ಎಂದು ತಿಳಿಯುವುದಿಲ್ಲ. ಹೀಗಾಗಿ ಚುಕ್ಕಿಯನ್ನು ಅಂಚಿಗೆ, ಮೂಲೆಗೆ, ಕಲಶದ ಚಿತ್ರದ ಹಿಂದೆ ಇಟ್ಟು, ಹೆಸರುಗಳಿರುವ ಜಾಗವನ್ನು ಬಿಳಿಯಾಗಿ ಬಿಡುವುದೇ ಒಳ್ಳೆಯದು.

ಅಂಚಿಗೆ ಇನ್ನೂ ಸುಲಭದ ದಾರಿಯಿದೆ. ಗಿಂಪ್‌ನ ಬ್ರಷ್ ನಿಜದಲ್ಲಿ ಗೆರೆ ಎಳೆಯುವುದಿಲ್ಲ, ಒಂದರ ಮೇಲೊಂದು ಚುಕ್ಕಿ ಒತ್ತುತ್ತ ಹೋಗುತ್ತದೆ. ಸ್ಪೇಸಿಂಗ್ ಕಡಿಮೆ ಇರುವುದರಿಂದ ಅದು ಗೆರೆಯಂತೆ ಕಾಣುತ್ತದೆ. ಅದನ್ನು 100ಕ್ಕೆ ಏರಿಸಿದರೆ ಚುಕ್ಕಿಗಳು ಮುತ್ತಿನ ಸರದಂತೆ ಒಂದಕ್ಕೊಂದು ತಾಗಿ ನಿಲ್ಲುತ್ತವೆ, 200 ಕೊಟ್ಟರೆ ನಡುವೆ ಒಂದು ಚುಕ್ಕಿಯಷ್ಟು ಸಂದು ಬಿಡುತ್ತವೆ. ಬ್ರಷ್ ಗಾತ್ರ 20, ಸ್ಪೇಸಿಂಗ್ 200 ಎಂದರೆ ಚುಕ್ಕಿಯಿಂದ ಚುಕ್ಕಿಗೆ 40 ಪಿಕ್ಸೆಲ್. ಒಂದು ಕಡೆ ಒತ್ತಿ, ಶಿಫ್ಟ್ ಹಿಡಿದು ಇನ್ನೊಂದು ಕಡೆ ಒತ್ತಿದರೆ ನೇರ ಸಾಲು ಸಿದ್ಧ. ಚೌಕಟ್ಟಿನ ಬದಿಯ ಉದ್ದ 40ರಿಂದ ಶೇಷವಿಲ್ಲದೆ ಭಾಗವಾಗುವಂತಿದ್ದರೆ, ಉದಾಹರಣೆಗೆ 1200 ಇದ್ದರೆ, ಮೂಲೆಯಲ್ಲಿ ಸರಿಯಾಗಿ ಒಂದು ಚುಕ್ಕಿ ಬರುತ್ತದೆ. 1215 ಇದ್ದರೆ ಸಾಲಿನ ಕೊನೆಯ ಚುಕ್ಕಿ ಮೂಲೆ ಮುಟ್ಟದೆ ಮೊದಲೇ ನಿಲ್ಲುತ್ತದೆ. ಕಾರ್ಡು ಕೊಟ್ಟವರ ಕಣ್ಣು ಮೊದಲು ಹೋಗುವುದೂ ಆ ಮೂಲೆಗೇ.

ವೃತ್ತಕ್ಕೂ ಇದೇ ನಿಯಮ. ವೃತ್ತ ಆರಿಸಿ, ಅದನ್ನು ಪಾತ್ ಮಾಡಿ, ಸ್ಟ್ರೋಕ್ ಪಾತ್‌ನಲ್ಲಿ ಬ್ರಷ್ ಆರಿಸಿದರೆ ಸುತ್ತ ಚುಕ್ಕಿ ಬೀಳುತ್ತವೆ. 36 ಚುಕ್ಕಿ ಬೇಕಿದ್ದರೆ 36ನ್ನು 40ರಿಂದ ಗುಣಿಸಿ 3.1416ರಿಂದ ಭಾಗಿಸಬೇಕು. ಉತ್ತರ 458, ವ್ಯಾಸ ಅಷ್ಟಿರಬೇಕು. ಲೆಕ್ಕ ಬಿಟ್ಟು ಅಂದಾಜಿನಲ್ಲಿ ಎಳೆದರೆ ಕೊನೆಯ ಚುಕ್ಕಿ ಮೊದಲನೆಯದರ ಮೇಲೆ ಅರ್ಧ ಏರಿ ಕೂರುತ್ತದೆ.

ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಅಚ್ಚಿನಲ್ಲಿ ಹಾಳಾಗುವುದಕ್ಕೆ ಬಹುಪಾಲು ಕಾರಣ ಅಳತೆ. ಕಾರ್ಡಿಗೆ ಇಂಚಿಗೆ 300 ಪಿಕ್ಸೆಲ್ ಇರಬೇಕು. ಆಗ 40 ಪಿಕ್ಸೆಲ್ ಚುಕ್ಕಿ ಕಾಗದದ ಮೇಲೆ 3.4 ಮಿಲಿಮೀಟರ್ ಬರುತ್ತದೆ. ಲಗ್ನಪತ್ರಿಕೆಗೆ ಇದು ದೊಡ್ಡದೇ ಆಯಿತು. ಬಿಲ್ಲೆಯನ್ನು 52 ಮತ್ತು 90ಕ್ಕೆ, ಚುಕ್ಕಿಯನ್ನು 20ಕ್ಕೆ ಇಳಿಸಿ ಹೊಸದಾಗಿ ಮಾಡಿಕೊಳ್ಳುವುದು ಉತ್ತಮ. ತುಂಬಿದ ಪ್ಯಾಟರ್ನನ್ನೇ ಹಿಡಿದು ಕುಗ್ಗಿಸಬಾರದು. ಕುಗ್ಗಿಸಿದರೆ ಕೆಲವು ಚುಕ್ಕಿ ದುಂಡಗೆ, ಕೆಲವು ಮೊಂಡಾಗಿ, ನಡುವೆ ಅಲೆಯಂತೆ ಪಟ್ಟೆಗಳು ಏಳುತ್ತವೆ. ಶಾಲೆಯ ವಾರ್ಷಿಕೋತ್ಸವದ ಫ್ಲೆಕ್ಸ್ ಆದರೆ ಇಷ್ಟು ಸೂಕ್ಷ್ಮ ಬೇಡ. ಅದನ್ನು ರಸ್ತೆಯಾಚೆಯಿಂದ ನೋಡುತ್ತಾರೆ, ಇಂಚಿಗೆ 72 ಪಿಕ್ಸೆಲ್ ನಡೆಯುತ್ತದೆ. 6 ಅಡಿ ಅಗಲ, 4 ಅಡಿ ಎತ್ತರದ ಫಲಕಕ್ಕೆ 5184 ಮತ್ತು 3456 ಪಿಕ್ಸೆಲ್ ಸಾಕಾಗುತ್ತದೆ.

ಸ್ಕ್ರೀನ್ ಪ್ರಿಂಟಿಂಗ್‌ಗೆ ಇನ್ನೊಂದು ಎಚ್ಚರಿಕೆ. ಗಿಂಪ್ ಚುಕ್ಕಿಯ ಅಂಚನ್ನು ನುಣುಪು ಮಾಡಲು ಸುತ್ತ ಅರೆಬಣ್ಣದ ಪಿಕ್ಸೆಲ್ ಇಡುತ್ತದೆ. ಸ್ಕ್ರೀನಿಗೆ ಅರೆಬಣ್ಣ ಗೊತ್ತಿಲ್ಲ. ಅಲ್ಲಿ ಶಾಯಿ ಇಳಿಯುತ್ತದೆ ಇಲ್ಲವೇ ಇಳಿಯುವುದಿಲ್ಲ. ಆದ್ದರಿಂದ ಆಂಟಿ ಏಲಿಯಾಸಿಂಗ್ ತೆಗೆದು, ಬ್ರಷ್ ಬದಲು ಪೆನ್ಸಿಲ್ ಉಪಕರಣ ಬಳಸಿ ಗಟ್ಟಿ ಅಂಚು ಇಟ್ಟುಕೊಳ್ಳಬೇಕು. ಸ್ಕ್ರೀನಿನ ಜಾಲರಿಯ ಕಣ್ಣಿಗಿಂತ ಸಣ್ಣ ಚುಕ್ಕಿ ಅಚ್ಚಿನಲ್ಲಿ ಬರುವುದೇ ಇಲ್ಲ. ಕಡತವನ್ನು ಜೆಪೆಗ್ ಆಗಿ ಉಳಿಸಿದರೆ ಪ್ರತಿ ಚುಕ್ಕಿಯ ಸುತ್ತ ಧೂಳಿನಂಥ ಕೊಳೆ ಸೇರುತ್ತದೆ, ಪಿಎನ್‌ಜಿ ಒಳ್ಳೆಯದು.

ವಧೂವರರ ಫೋಟೋವನ್ನೇ ಚುಕ್ಕಿ ಮಾಡುವ ಆಸೆಯಿದ್ದರೆ ಫಿಲ್ಟರ್ಸ್ ಮೆನುವಿನ ಡಿಸ್ಟಾರ್ಟ್ಸ್ ಒಳಗೆ ನ್ಯೂಸ್‌ಪ್ರಿಂಟ್ ಇದೆ. ಫೋಟೋಶಾಪಿನಲ್ಲಿ ಪಿಕ್ಸಲೇಟ್ ಒಳಗಿನ ಕಲರ್ ಹಾಫ್‌ಟೋನ್. ಚುಕ್ಕಿಯ ಸಾಲನ್ನು 45 ಡಿಗ್ರಿ ಓರೆಯಾಗಿಟ್ಟರೆ ಕಣ್ಣಿಗೆ ಸಾಲು ಎದ್ದು ಕಾಣುವುದಿಲ್ಲ. ಕಪ್ಪು ಶಾಯಿಗೆ ಮುದ್ರಕರು ಬಳಸುತ್ತ ಬಂದ ಕೋನ ಅದೇ. ಆದರೆ ಈಗಾಗಲೇ ಪತ್ರಿಕೆಯಲ್ಲಿ ಅಚ್ಚಾದ ಫೋಟೋವನ್ನು ಸ್ಕ್ಯಾನ್ ಮಾಡಿ ಮತ್ತೆ ಚುಕ್ಕಿ ಮಾಡಿದರೆ ಹಳೆಯ ಚುಕ್ಕಿಯೂ ಹೊಸ ಚುಕ್ಕಿಯೂ ಜಗಳಕ್ಕೆ ಬಿದ್ದು ಮುಖದ ಮೇಲೆಲ್ಲ ಸೊಳ್ಳೆಪರದೆಯ ಮಡಿಕೆಯಂತೆ ಗೆರೆಗಳು ಏಳುತ್ತವೆ. ಮೊದಲು ತುಸು ಗಾಸಿಯನ್ ಬ್ಲರ್ ಕೊಟ್ಟು ಹಳೆಯ ಚುಕ್ಕಿಗಳನ್ನು ಕರಗಿಸಿಕೊಳ್ಳಬೇಕು. ತೀರಿಹೋದ ಹಿರಿಯರ ಫೋಟೋ ಹಳೆಯ ಪತ್ರಿಕೆಯ ತುಣುಕಿನಲ್ಲಿ ಮಾತ್ರ ಉಳಿದಿರುವ ಮನೆಗಳಿಗೆ ಈ ಒಂದು ಹೆಜ್ಜೆಯೇ ದೊಡ್ಡ ಉಪಕಾರ.

ಕೊನೆಗೆ ಅಕ್ಷರದ ಮಾತು. ಗಡಿಯಾಚೆಯ ಪ್ರೆಸ್ಸಿಗೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಕೂಡಿಸಿದ ಕಡತ ಕಳಿಸಿದರೆ, ಆ ಫಾಂಟ್ ಅಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಲ್ಲಿ ಕನ್ನಡ ಓದಬಲ್ಲವರು ಇಲ್ಲದಿದ್ದರೆ ಅದು ಹಾಗೆಯೇ ಅಚ್ಚಿಗೆ ಹೋದರೂ ಹೋಯಿತು. ಗಿಂಪ್‌ನಲ್ಲಿ ಯುನಿಕೋಡ್ ಕನ್ನಡ ಒತ್ತಕ್ಷರ ಒಡೆಯದೆ ಕೂರುತ್ತದೆ. ಅಂಚು, ಅಕ್ಷರ ಎಲ್ಲ ಮುಗಿದ ಮೇಲೆ ಇಡೀ ಕಾರ್ಡನ್ನು ಒಂದೇ ಚಿತ್ರ ಮಾಡಿ ಕಳಿಸಿದರೆ ಆಚೆಯವರಿಗೆ ಫಾಂಟೇ ಬೇಕಾಗುವುದಿಲ್ಲ. ಲೇಯರುಗಳಿರುವ ಎಕ್ಸ್‌ಸಿಎಫ್ ಕಡತವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಳ್ಳಬೇಕು. ಕಳಿಸುವ ಮೊದಲು ನಿಜ ಅಳತೆಯಲ್ಲಿ ಸಾದಾ ಕಾಗದದ ಮೇಲೆ ಒಂದು ಪ್ರತಿ ತೆಗೆದು, ಮನೆಯ ಹಿರಿಯರ ಕೈಗೆ ಕೊಟ್ಟು ಕನ್ನಡಕವಿಲ್ಲದೆ ತಾರೀಖು ಓದಿಸಿ ನೋಡಬೇಕು.