ಪಳವೇರ್ಕಾಡಿನ ಡಚ್ಚರ ಕೋಟೆ

ಕೋಟೆಯೆಂದರೆ ನಮ್ಮವರಿಗೆ ಚಿತ್ರದುರ್ಗ ನೆನಪಾಗುತ್ತದೆ, ಶ್ರೀರಂಗಪಟ್ಟಣ ನೆನಪಾಗುತ್ತದೆ. ಪೆರಂಬೂರಿನಲ್ಲಿ ನೆಲಸಿ ಎರಡು ಮೂರು ತಲೆಮಾರು ಕಳೆದ ಮನೆಗಳಲ್ಲಿಯೂ ಬೇಸಿಗೆಯ ರಜೆ ಬಂತೆಂದರೆ ಮಕ್ಕಳೊಡನೆ ಮೈಸೂರಿನ ರೈಲು ಹತ್ತುವುದೇ ವಾಡಿಕೆ. ಅದು ಸಹಜವೇ. ಆದರೆ ಇಲ್ಲಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಡಚ್ಚರ ಕೋಟೆಯೊಂದು ಇತ್ತೆಂಬುದೂ, ಅದಕ್ಕೆ ನೆಲವೂ ಅಪ್ಪಣೆಯೂ ದೊರೆತದ್ದು ವಿಜಯನಗರದ ಅರಸನಿಂದ ಎಂಬುದೂ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಊರಿನ ಹೆಸರು ಪಳವೇರ್ಕಾಡು. ಆಂಗ್ಲರ ನಾಲಗೆಯಲ್ಲಿ ಅದು ಪುಲಿಕಾಟ್ ಆಯಿತು. ಒಡಿಶಾದ ಚಿಲಿಕಾ ಸರೋವರವನ್ನು ಬಿಟ್ಟರೆ ನಮ್ಮ ದೇಶದಲ್ಲಿ ಅಷ್ಟು ದೊಡ್ಡ ಉಪ್ಪುನೀರಿನ ಸರೋವರ ಇನ್ನೊಂದಿಲ್ಲ. ಸರೋವರಕ್ಕೂ ಸಮುದ್ರಕ್ಕೂ ನಡುವೆ ಶ್ರೀಹರಿಕೋಟೆಯ ಮರಳದಿಬ್ಬ. ಈಗ ರಾಕೆಟ್ಟುಗಳು ಮೇಲೇರುವುದು ಅಲ್ಲಿಂದಲೇ. ಹಿಂದೆ ಆ ದಿಕ್ಕಿನಲ್ಲಿ ಕಾಣುತ್ತಿದ್ದುದು ಹಾಯಿಹಡಗುಗಳು.

1565ರ ಯುದ್ಧದ ತರುವಾಯ ಹಂಪೆ ಹಾಳಾಗಿ, ವಿಜಯನಗರದ ಗದ್ದುಗೆ ಪೆನುಕೊಂಡೆಗೂ ಆಮೇಲೆ ಚಂದ್ರಗಿರಿಗೂ ಸರಿದಿತ್ತು. ಆಗಲೂ ಪಳವೇರ್ಕಾಡು ರಾಜ್ಯದ ಮುಖ್ಯ ಬಂದರುಗಳಲ್ಲಿ ಒಂದಾಗಿತ್ತು. 1602ರಲ್ಲಿ ಹಾಲೆಂಡಿನ ವರ್ತಕರೆಲ್ಲ ಕೂಡಿ ಕಟ್ಟಿದ ಈಸ್ಟ್ ಇಂಡಿಯಾ ಕಂಪನಿಯವರು 1610ರಲ್ಲಿ ವೆಂಕಟಪತಿರಾಯನಿಂದ ಇಲ್ಲಿ ವ್ಯಾಪಾರ ನಡೆಸಲು ಅಪ್ಪಣೆ ಪಡೆದರು. ಮೈಲಾಪುರದ ಸಾಂತೋಮಿನಲ್ಲಿ ಬೇರೂರಿದ್ದ ಪೋರ್ಚುಗೀಸರಿಗೆ ಇದು ಸಹಿಸಲಿಲ್ಲ. 1612ರಲ್ಲಿ ಅವರು ಬಂದು ಡಚ್ಚರ ಮಳಿಗೆಯನ್ನು ಹಾಳುಮಾಡಿದರು. ಮರುವರ್ಷವೇ ನಾಲ್ಕು ಕೊತ್ತಲಗಳ ಚೌಕಾಕಾರದ ಕೋಟೆ ಎದ್ದಿತು. ಕಂಪನಿಯ ಮುಖ್ಯಾಧಿಕಾರಿ ವೆಮ್ಮರ್ ವಾನ್ ಬರ್ಖೆಮ್ ತನ್ನ ತವರು ಪ್ರಾಂತವಾದ ಗೆಲ್ಡರ್‌ಲ್ಯಾಂಡಿನ ನೆನಪಿಗೆ ಅದಕ್ಕೆ ಗೆಲ್ಡ್ರಿಯಾ ಎಂದು ಹೆಸರಿಟ್ಟನು.

ಡಚ್ಚರಿಗೆ ಇಲ್ಲಿ ಬೇಕಾಗಿದ್ದುದು ಮೆಣಸೂ ಅಲ್ಲ, ಲವಂಗವೂ ಅಲ್ಲ, ಬಟ್ಟೆ. ಲವಂಗ ಜಾಜಿಕಾಯಿಗಳು ಬೆಳೆಯುತ್ತಿದ್ದುದು ದೂರದ ಮಲುಕ್ಕು ದ್ವೀಪಗಳಲ್ಲಿ. ಆ ದ್ವೀಪದವರು ಬೆಳ್ಳಿಗಿಂತ ಹೆಚ್ಚಾಗಿ ಕೇಳುತ್ತಿದ್ದುದು ಈ ಕರಾವಳಿಯ ಬಣ್ಣದ ಬಟ್ಟೆ. ಆದುದರಿಂದ ಇಲ್ಲಿ ಬಟ್ಟೆ ಕೊಂಡು, ಅಲ್ಲಿ ಅದನ್ನು ಕೊಟ್ಟು, ಮಸಾಲೆ ತಂದು ಯೂರೋಪಿನಲ್ಲಿ ಮಾರುವುದು ಕಂಪನಿಯ ಕ್ರಮ. ನಮ್ಮ ಹಳ್ಳಿಯ ನೇಯ್ಗೆಯವನ ಮಗ್ಗ ನಿಂತರೆ ಆಮ್‌ಸ್ಟರ್‌ಡ್ಯಾಮಿನ ಅಡಿಗೆಮನೆಗೆ ಲವಂಗವಿಲ್ಲ ಎಂಬಂಥ ಸಂಬಂಧ. ಇಂದಿಗೂ ದೂರದ ಮೆಕ್ಸಿಕೋ ದೇಶದಲ್ಲಿ ತಲೆಗೆ, ಕೊರಳಿಗೆ ಕಟ್ಟುವ ಬಣ್ಣದ ವಸ್ತ್ರಕ್ಕೆ ‘ಪಾಲಿಯಾಕಾತೆ’ ಎನ್ನುತ್ತಾರೆ; ಆ ಶಬ್ದ ಹುಟ್ಟಿದ್ದು ಈ ಊರಿನ ಹೆಸರಿನಿಂದ. 1996ರಲ್ಲಿ ಮುಚ್ಚಿಹೋದ ಬಕಿಂಗ್‌ಹ್ಯಾಮ್ ಕರ್ನಾಟಿಕ್ ಮಿಲ್ಲಿನ ಸೈರನ್ ಕೇಳಿ ಬೆಳೆದ ಪೆರಂಬೂರಿನವರಿಗೆ ಬಟ್ಟೆಯಿಂದ ಬದುಕುವ ಊರೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆಯ ಆಶ್ರಯದಲ್ಲಿ ಮದ್ದಿನ ಕಾರ್ಖಾನೆಯಿತ್ತು, ಟಂಕಸಾಲೆಯಿತ್ತು. ಇವನ್ನೆಲ್ಲ ಬಣ್ಣಿಸುವವರು ಇನ್ನೊಂದು ಸರಕನ್ನು ಮಾತ್ರ ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ಅದು ಮನುಷ್ಯರು. 17ನೆಯ ಶತಮಾನದಲ್ಲಿ ಈ ಬಂದರಿನಿಂದ ಸಾವಿರಾರು ಗಂಡಸರು, ಹೆಂಗಸರು, ಮಕ್ಕಳು ಗುಲಾಮರಾಗಿ ಬಟೇವಿಯಾಕ್ಕೆ, ಎಂದರೆ ಈಗಿನ ಜಕಾರ್ತಾಕ್ಕೆ, ಹಡಗೇರಿದರು. ಕ್ಷಾಮದ ವರ್ಷಗಳಲ್ಲಿ ಹಸಿವು ತಾಳಲಾರದೆ ತಮ್ಮನ್ನೂ ತಮ್ಮ ಮಕ್ಕಳನ್ನೂ ಮಾರಿಕೊಂಡವರುಂಟು. ದಫ್ತರ ಇಡುವುದರಲ್ಲಿ ಡಚ್ಚರು ನಮ್ಮಂಥ ಗುಮಾಸ್ತರಿಗೆ ಗುರುಗಳು. ಬಟ್ಟೆಯ ಗಂಟುಗಳ ಲೆಕ್ಕದಂತೆಯೇ ಈ ತಲೆಗಳ ಲೆಕ್ಕವನ್ನೂ ಬರೆದಿಟ್ಟರು. ಯಾವನೋ ಒಬ್ಬ ಗುಮಾಸ್ತ ಲೇಖನಿ ಅದ್ದಿ ಆ ಅಂಕೆಗಳನ್ನು ಕೂಡಿದ್ದಾನೆ. ನನಗೆ ಆ ಕೋಟೆಯ ವಿಷಯದಲ್ಲಿ ಮನಸ್ಸಿನಿಂದ ಹೋಗದಿರುವುದು ಇದೊಂದೇ. ಮಕ್ಕಳಿಗೆ ಕೋಟೆಯ ಕಥೆ ಹೇಳುವಾಗ ಮಸಾಲೆಯ ಭಾಗವನ್ನು ಮಾತ್ರ ಹೇಳಿ ನಿಲ್ಲಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಚೆನ್ನೈ ಹುಟ್ಟಿದ ಕಥೆಯೂ ಈ ಕೋಟೆಗೆ ತಾಗಿಕೊಂಡಿದೆ. 1621ರಲ್ಲಿ ಆಂಗ್ಲರು ಡಚ್ಚರೊಡನೆ ಒಪ್ಪಂದ ಮಾಡಿಕೊಂಡು ಪಳವೇರ್ಕಾಡಿಗೆ ಬಂದರು. ಕೋಟೆಯ ಖರ್ಚಿನಲ್ಲಿ ಪಾಲು ಕೊಡಬೇಕು, ಮಾತು ಮಾತ್ರ ಡಚ್ಚರದೇ ನಡೆಯಬೇಕು. ಇಂಥ ಬಿಡಾರ ಎಷ್ಟು ದಿನ? ಎರಡೇ ವರ್ಷಕ್ಕೆ ಗಂಟು ಕಟ್ಟಿದರು. ಆ ಮೇಲೆ ಆರ್ಮಗಾನಿನಲ್ಲಿ ಕೆಲವು ಕಾಲ ಕಳೆದು, 1639ರಲ್ಲಿ ದಾಮರ್ಲ ವೆಂಕಟಾದ್ರಿ ನಾಯಕನಿಂದ ಸ್ವಂತ ಜಾಗ ಪಡೆದರು. ಡಚ್ಚರ ಪಳವೇರ್ಕಾಡಿಗೂ ಪೋರ್ಚುಗೀಸರ ಸಾಂತೋಮಿಗೂ ನಡುವಿನ ಆ ಮರಳು ನೆಲವೇ ಮದರಾಸಾಯಿತು.

ಮದರಾಸು ಬೆಳೆಯಿತು, ಪಳವೇರ್ಕಾಡು ಇಳಿಯಿತು. 1690ರಲ್ಲಿ ಡಚ್ಚರು ತಮ್ಮ ಮುಖ್ಯ ಠಾಣೆಯನ್ನು ನಾಗಪಟ್ಟಣಕ್ಕೆ ಸಾಗಿಸಿದರು. 1781ರಲ್ಲಿ ಎರಡೂ ಆಂಗ್ಲರ ವಶವಾದವು. ಪಳವೇರ್ಕಾಡು ಮರಳಿ ಡಚ್ಚರಿಗೆ ಬಂತು, 1795ರಲ್ಲಿ ಪುನಃ ಹೋಯಿತು. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಂಗ್ಲರು ಕೋಟೆಯನ್ನು ಕೆಡವಿದರು. 1818ರಲ್ಲಿ ಊರನ್ನು ಹಿಂದಿರುಗಿಸಿದಾಗ ಕೋಟೆಯೇ ಇರಲಿಲ್ಲ! 1824ರ ಒಪ್ಪಂದದ ಪ್ರಕಾರ ಮುಂದಿನ ವರ್ಷ ಡಚ್ಚರು ಕಡೆಯದಾಗಿ ಹೊರಟುಹೋದರು.

ಈಗ ಕೋಟೆಯ ಜಾಗದಲ್ಲಿ ಮುಳ್ಳುಪೊದೆ ಬೆಳೆದ ದಿಬ್ಬವೊಂದಿದೆ. ಸುತ್ತಲೂ ಕಂದಕದ ಗುರುತು ಕಾಣುತ್ತದೆ. ನೋಡತಕ್ಕದ್ದು ಪುರಾತತ್ವ ಇಲಾಖೆಯವರು ಕಾಪಾಡಿರುವ ಡಚ್ ಸ್ಮಶಾನ. ಬಾಗಿಲಿನ ಎರಡು ಪಕ್ಕದಲ್ಲಿಯೂ ಕಲ್ಲಿನಲ್ಲಿ ಕೆತ್ತಿದ ಅಸ್ಥಿಪಂಜರಗಳು ನಿಂತಿವೆ. ಒಳಗಿನ ಗೋರಿಕಲ್ಲುಗಳ ಮೇಲೆ ಡಚ್ ಭಾಷೆಯ ಬರಹವೂ ಮನೆತನದ ಲಾಂಛನಗಳೂ ಇನ್ನೂ ಸ್ಪಷ್ಟವಾಗಿವೆ. ಬಟೇವಿಯಾದ ಹಡಗು ಹತ್ತಿದವರ ಹೆಸರಿನ ಕಲ್ಲು ಅಲ್ಲಿಲ್ಲ.

ಹೋಗಬಯಸುವವರು ಪೆರಂಬೂರಿನಿಂದ ಬೇಸಿನ್ ಬ್ರಿಜ್ಜಿಗೆ ಹೋಗಿ, ಗುಮ್ಮಿಡಿಪೂಂಡಿಯ ಲೋಕಲ್ ಗಾಡಿ ಹಿಡಿದು ಪೊನ್ನೇರಿಯಲ್ಲಿ ಇಳಿಯಬೇಕು. ಅಲ್ಲಿಂದ ಬಸ್ಸು. ಚಳಿಗಾಲದಲ್ಲಾದರೆ ಸರೋವರಕ್ಕೆ ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳು ಬಂದಿರುತ್ತವೆ. ಮಕ್ಕಳಿದ್ದರೆ ಮೊಸರನ್ನದ ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಮೇಲು.