ಚಳಿಗಾಲದ ಅಲಂಕಾರ, ಬೇಸಿಗೆಯ ಬಂಡವಾಳ

ಡಿಸೆಂಬರ್ ಬಂತೆಂದರೆ ಯುರೋಪ್, ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಮರ ಸಿಂಗಾರಗೊಳ್ಳುತ್ತದೆ. ಆ ಮರಕ್ಕೆ ತೂಗುಹಾಕುವ ಮರದ ಗಂಟೆ, ನಕ್ಷತ್ರ, ಗುಂಡುಗಳಲ್ಲಿ ಕೆಲವು ನಮ್ಮ ಚನ್ನಪಟ್ಟಣದಲ್ಲಿ ತಯಾರಾದವು. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಈ ಊರಿನ ಬೊಂಬೆಗಳಿಗೆ 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿರುವುದು ವರ್ತಕ ಬಾಂಧವರಿಗೆ ತಿಳಿದ ಸಂಗತಿ. ಆದರೆ ಚಳಿಗಾಲದ ಈ ವ್ಯಾಪಾರದ ಲೆಕ್ಕಾಚಾರ ಬೇಸಿಗೆಯಲ್ಲೇ ಆರಂಭವಾಗುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ.

ಕಡೆತದ ಕಾಲಮಾನ

ಬಿಳಿಯ, ಮೃದುವಾದ ಆಲೆ ಮರವನ್ನು ತಂದು ತಿಂಗಳುಗಟ್ಟಲೆ ಒಣಗಿಸಬೇಕು. ಬಳಿಕ ಲೇತ್ ಯಂತ್ರದಲ್ಲಿ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಕೇದಗೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ವಿದೇಶದ ಅಂಗಡಿಗಳಿಗೆ ಮಾಲು ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಸೇರಬೇಕು, ಹಡಗಿನ ಪ್ರಯಾಣಕ್ಕೂ ವಾರಗಳು ಹಿಡಿಯುತ್ತವೆ. ಆದುದರಿಂದ ಫೆಬ್ರವರಿಯಲ್ಲಿ ಮರಕ್ಕೆ ಹಾಕಿದ ಹಣ ಅಕ್ಟೋಬರ್ ವೇಳೆಗೆ ಕೈಸೇರಿದರೆ ಅದೇ ಪುಣ್ಯ.

ಒಂದು ನೋಟ್‌ಬುಕ್ಕಿನ ಕಥೆ

ಕೆಲವು ವರ್ಷಗಳ ಹಿಂದೆ ಇಂಥದೇ ಕಸುಬಿನ ಒಬ್ಬ ಮಾಲೀಕರು ತಮ್ಮ ನೋಟ್‌ಬುಕ್ ಹಿಡಿದು ನನ್ನ ಕಚೇರಿಗೆ ಬಂದರು. "ಸಾರ್, ಕೈತುಂಬ ಆರ್ಡರ್ ಇದೆ, ಜೇಬಲ್ಲಿ ಕಾಸಿಲ್ಲ. ಮುಂದಿನ ವರ್ಷ ಮಗ ಲೇತ್ ಮುಟ್ಟೋಲ್ಲ ಅಂತಿದಾನೆ" ಎಂದರು. ರಫ್ತುದಾರರೊಬ್ಬರಿಗೆ ಅವರು 5,000 ಅಲಂಕಾರ ವಸ್ತುಗಳನ್ನು ತಲಾ 40 ರೂ.ಗೆ ಒಪ್ಪಿಕೊಂಡಿದ್ದರು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಇಲ್ಲಿ ಇಡಿಯಾಗಿಸಿ ಕೊಡುತ್ತಿದ್ದೇನೆ.

ಒಂದು ವಸ್ತುವಿಗೆ ಮರ 6 ರೂ., ಅರಗು ಮತ್ತು ಬಣ್ಣ 5 ರೂ., ಕೂಲಿ 14 ರೂ., ದಾರ ಹಾಗೂ ಡಬ್ಬಿ 4 ರೂ.; ಒಟ್ಟು 29 ರೂ. ಹಾಗಾದರೆ ತಲಾ 11 ರೂ.ನಂತೆ 55,000 ರೂ. ಲಾಭ ಎಂಬುದು ಅವರ ನಂಬಿಕೆ.

ಬರೆಯದೆ ಬಿಟ್ಟ ಬಾಬುಗಳನ್ನು ಒಂದೊಂದಾಗಿ ಕೇಳಿದೆ. ಅವರೂ ಅವರ ಮನೆಯಾಕೆಯೂ ಎರಡು ತಿಂಗಳು ದುಡಿದಿದ್ದರು. ಹೊರಗಿನವರಿಟ್ಟು ಮಾಡಿಸಿದ್ದರೆ ಅದಕ್ಕೆ 50,000 ರೂ., ಅಂದರೆ ತಲಾ 10 ರೂ. ವಿದ್ಯುತ್ ಮತ್ತು ಬಾಡಿಗೆ 2 ರೂ. ನೂರಕ್ಕೆ ಎಂಟು ವಸ್ತುಗಳು ಬಿರುಕು, ಬಣ್ಣದ ವ್ಯತ್ಯಾಸಗಳಿಂದ ತಿರಸ್ಕೃತವಾಗಿದ್ದವು. ಅದರ ಹೊರೆ ಸುಮಾರು 2.20 ರೂ. ಹಾಕಿದ 1,45,000 ರೂ. ಸರಾಸರಿ ಆರು ತಿಂಗಳು ಸಿಕ್ಕಿಕೊಂಡಿತ್ತು, ಶೇ. 12ರ ಬಡ್ಡಿಯಂತೆ ತಲಾ ಸುಮಾರು 1.75 ರೂ. ಎಲ್ಲ ಸೇರಿ ಹೆಚ್ಚುಕಡಮೆ 16 ರೂ. ನಿಜವಾದ ವೆಚ್ಚ 45 ರೂ., ಮಾರಿದ ಬೆಲೆ 40 ರೂ.!

ಅವರನ್ನು ಯಾರೂ ವಂಚಿಸಿರಲಿಲ್ಲ. ಗಂಡ-ಹೆಂಡತಿ ಇಬ್ಬರೂ ಅರ್ಧ ಕೂಲಿಗೆ ದುಡಿದು, ಅದನ್ನೇ ಲಾಭವೆಂದು ತಿಳಿದಿದ್ದರು. ಮಗ ಮಾತ್ರ ಲೆಕ್ಕ ಬರೆಯದೆಯೇ ಇದನ್ನು ಅರಿತಿದ್ದ.

ಅನುಸರಿಸಬೇಕಾದ ಕ್ರಮಗಳು

ಮೊದಲನೆಯದಾಗಿ, ಆರ್ಡರ್ ಒಪ್ಪುವ ಮುನ್ನ ವೆಚ್ಚಪಟ್ಟಿ ತಯಾರಿಸಿ, ಅದರಲ್ಲಿ ಮನೆಯವರ ದುಡಿಮೆಗೂ ಕೂಲಿ ಬರೆಯಿರಿ. ಖರೀದಿದಾರರು ಬಣ್ಣದ ಸುರಕ್ಷತಾ ಪರೀಕ್ಷೆ ಕೇಳಿದರೆ ಅದರ ಶುಲ್ಕವೂ ಪಟ್ಟಿಯಲ್ಲಿರಲಿ.

ಎರಡನೆಯದಾಗಿ, ಮರ ಮತ್ತು ಅರಗಿನ ಖರ್ಚಿಗೆ ಸಾಲುವಷ್ಟು ಮುಂಗಡವನ್ನು ಲಿಖಿತ ಕರಾರಿನಲ್ಲೇ ಕೇಳಿ.

ಮೂರನೆಯದಾಗಿ, ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಕರಾರಿನ ಅವಧಿಯೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ವಿದೇಶೀ ಗ್ರಾಹಕರ ಮೇಲೆ ಈ ಕಾಯ್ದೆ ನಡೆಯದು. ಆದರೆ ನಿಮ್ಮಿಂದ ಕೊಳ್ಳುವ ಇಲ್ಲಿನ ರಫ್ತುದಾರರಿಗೆ ಅನ್ವಯಿಸುತ್ತದೆ.

ನಾಲ್ಕನೆಯದಾಗಿ, ಒಂದೇ ಹಬ್ಬವನ್ನು ನೆಚ್ಚಬೇಡಿ. ಅದೇ ಲೇತಿನಲ್ಲಿ ದಸರಾ ಬೊಂಬೆ, ಮನೆಯ ತೂಗುಸರ, ಮೇಣದ ಬತ್ತಿಯ ಸ್ಟ್ಯಾಂಡುಗಳನ್ನೂ ಕಡೆಯಬಹುದು.

ಆ ಮಾಲೀಕರು ಮರುವರ್ಷ 48 ರೂ. ಕೇಳಿದರು. ರಫ್ತುದಾರರು 47ಕ್ಕೆ ಒಪ್ಪಿದರಾದರೂ ಆರ್ಡರನ್ನು 3,000ಕ್ಕೆ ಇಳಿಸಿದರು. ಕೆಲಸ ಕಡಿಮೆಯಾಯಿತು, ಕೂಲಿ ಪೂರ್ತಿ ದಕ್ಕಿತು. ಮಗ ಈಗ ವೆಚ್ಚಪಟ್ಟಿ ಬರೆಯುತ್ತಾನೆ. ಲೇತ್ ಮುಟ್ಟುವ ಮಾತನ್ನು ಇನ್ನೂ ಆಡಿಲ್ಲ. ಕಸುಬು ಮುಂದಿನ ತಲೆಮಾರಿಗೆ ದಾಟಬೇಕಾದರೆ ಕೈಚಳಕದ ಜೊತೆಗೆ ಕೈಲೆಕ್ಕವೂ ಬೇಕೆಂಬುದನ್ನು ಬಾಂಧವರು ಮನಗಾಣಬೇಕು.